ಮಾದರಿಯಂತೆ ನಡೆದುಕೊಳ್ಳದ ಮಂಜುಗಡ್ಡೆಯ ಬಗ್ಗೆ

ಸಂಖ್ಯೆ: ಹಮಾ/ಮಂಗ/ತಪ್ಪು/17-ಬಿ (ತಿದ್ದಿದ್ದು, ಮತ್ತೆ ತಿದ್ದಿದ್ದು)
ದಿನಾಂಕ: ಶುಕ್ರವಾರ, ಮಧ್ಯಾಹ್ನ

ವಿಷಯ: ಉತ್ತರ ಧ್ರುವದ ಕಡಲ ಮಂಜುಗಡ್ಡೆಯು ಇಲಾಖೆಯ ಹವಾಮಾನ ಮಾದರಿಯನ್ನು ಉಲ್ಲಂಘಿಸಿರುವ ಬಗ್ಗೆ ಹಾಗೂ ಸದರಿ ಗಡ್ಡೆಯ ಮೇಲಿರುವ ಮೂವರು ಸಿಬ್ಬಂದಿಯ ಬಗ್ಗೆ.

ಉಲ್ಲೇಖ:
1. ಮಾದರಿ ವಿಭಾಗಕ್ಕೆ ದೊರೆತ ಪ್ರಶಂಸಾ ಪತ್ರ (ಗೋಡೆಯ ಮೇಲಿದೆ, ಮೊಳೆ ಸಡಿಲ).
2. ಮಂಜು ಠಾಣೆಯ ವೀಕ್ಷಕಿಯ ರೇಡಿಯೋ ಸಂದೇಶ, ಸೋಮವಾರ.
3. ಅದೇ ವೀಕ್ಷಕಿಯ ಸಂದೇಶ, ಮಂಗಳವಾರ (ದನಿ ಜೋರಾಗಿದೆ).

ಕಂಪ್ಯೂಟರಿನೊಳಗೆ ಬರೀ ಲೆಕ್ಕಗಳಿಂದ ಕಟ್ಟಿದ ಭೂಮಿಗೆ ಹವಾಮಾನ ಮಾದರಿ ಎನ್ನಲಾಗುತ್ತದೆ. ನಮ್ಮ ಮಾದರಿಯನ್ನು ಕೆಳಗೆ ಸಹಿ ಮಾಡಿರುವ ಉಪ ನಿರ್ದೇಶಕನು (ಮುಂದೆ 'ಕೆಳಸಹಿದಾರ') ಹನ್ನೊಂದು ವರ್ಷ ಮತ್ತು ಎರಡು ಕನ್ನಡಕಗಳನ್ನು ಸವೆಸಿ ಕಟ್ಟಿರುತ್ತಾನೆ. ಅದರ ಪ್ರಕಾರ ಮಂಜು ಠಾಣೆಯ ಬಿಡಾರದ ಕೆಳಗೆ ಮೂರು ಮೀಟರ್ ದಪ್ಪದ ಗಡ್ಡೆಯಿದ್ದು, ಮುಂದಿನ ತಿಂಗಳ ಕೊನೆಯವರೆಗೆ ಅದು ಒಡೆಯತಕ್ಕದ್ದಲ್ಲ. ಸಿಬ್ಬಂದಿಯನ್ನು ಕರೆತರುವ ಹಡಗಿನ ದಿನವನ್ನೂ ಅದನ್ನೇ ನಂಬಿ ಗೊತ್ತುಮಾಡಲಾಗಿದೆ. ಹೀಗಿರುವಲ್ಲಿ, ಉಲ್ಲೇಖ 2ರಲ್ಲಿ ವೀಕ್ಷಕಿಯು ಈ ರೀತಿ ತಿಳಿಸಿರುತ್ತಾರೆ:

"ಅಣ್ಣಾ, ಕೊರೆದು ನೋಡಿದೆ. ಒಂದು ಮೀಟರೂ ಇಲ್ಲ. ಬಾಗಿಲ ಮುಂದೇನೇ ಬಿರುಕು ಬಿಟ್ಟಿದೆ. ಮೂರು ಮೀಟರ್ ಅಂದವನನ್ನ ತಂದು ಇಲ್ಲಿ ನಿಲ್ಲಿಸಬೇಕು. ಹಡಗು ಯಾವಾಗ ಕಳಿಸ್ತೀಯ?"

ಈ ಹಿನ್ನೆಲೆಯಲ್ಲಿ ಎಲ್ಲ ಸಂಬಂಧಪಟ್ಟವರ ಮತ್ತು ಸಂಬಂಧವಿಲ್ಲದಿದ್ದರೂ ಕಿವಿಗೊಟ್ಟು ಕೇಳುತ್ತಿರುವವರ ಗಮನಕ್ಕೆ ಈ ಕೆಳಕಂಡ ಅಂಶಗಳನ್ನು ತರಲಾಗಿದೆ.

1. ಮಂಜುಗಡ್ಡೆಯು ಮಾದರಿಯಂತೆ ನಡೆದುಕೊಳ್ಳತಕ್ಕದ್ದು. 'ಮಾದರಿ' ಎಂಬ ಪದಕ್ಕೆ 'ಇತರರು ನೋಡಿ ಅನುಸರಿಸಬೇಕಾದದ್ದು' ಎಂಬ ಅರ್ಥವೂ ಇರುವುದರಿಂದ, ಗಡ್ಡೆಯು ತನಗೆ ತಿಳಿದಿರಲಿಲ್ಲವೆಂದು ಹೇಳಲು ಅವಕಾಶವಿರುವುದಿಲ್ಲ.

2. ವೀಕ್ಷಕಿಯು ಕೆಳಸಹಿದಾರನ ಒಡಹುಟ್ಟಿದ ತಂಗಿಯಾಗಿರುವುದು ಈ ಕಡತಕ್ಕೆ ಸಂಬಂಧಿಸಿದ್ದಲ್ಲ. ಸಂದೇಶಗಳಲ್ಲಿ 'ಅಣ್ಣಾ' ಎಂದು ಬಂದಲ್ಲೆಲ್ಲ 'ಮಾನ್ಯರೇ' ಎಂದು ಓದಿಕೊಳ್ಳತಕ್ಕದ್ದು.

3. ಏಳು ವರ್ಷಗಳ ಹಿಂದೆ ಮಾದರಿಯೊಳಗಿನ ಗಡ್ಡೆ ಬೇಸಿಗೆಗೆ ಮುಂಚೆಯೇ ಕರಗಿಹೋಗುತ್ತಿದ್ದ ಕಾರಣ, ಅದರ ಬಿಳುಪನ್ನು ಒಂದಿಷ್ಟು ಹೆಚ್ಚಿಸಿ, ಬಿಸಿಲು ಹೀರದಂತೆ ಮಾಡಲಾಯಿತು. ಇದಕ್ಕೆ ವಿಭಾಗದಲ್ಲಿ 'ಹೊಂದಾಣಿಕೆ' ಎನ್ನುತ್ತಾರೆ. ಮನೆಯಲ್ಲಿ ಹೊಂದಾಣಿಕೆ ಮಾಡಿಕೊಳ್ಳುವವರು ಬೇರೆಯವರಾಗಿದ್ದು, ಆ ಬಗ್ಗೆ ಕೆಳಸಹಿದಾರನ ಹೆಂಡತಿಯನ್ನು ವಿಚಾರಿಸತಕ್ಕದ್ದಲ್ಲ. ತರುವಾಯ ಗಡ್ಡೆಯ ವಿಸ್ತೀರ್ಣವು ಉಪಗ್ರಹದ ಚಿತ್ರಕ್ಕೆ ಅಚ್ಚುಕಟ್ಟಾಗಿ ತಾಳೆಯಾಯಿತು. ಉಲ್ಲೇಖ 1 ಬಂದದ್ದು ಹೀಗೆ.

4. ದಪ್ಪವನ್ನು ಏಕೆ ತಾಳೆ ನೋಡಲಿಲ್ಲವೆಂದು ಕೇಳಲಾಗಿದೆ. ತಾಳೆ ನೋಡುವ ನಮೂನೆಯಲ್ಲಿ ದಪ್ಪಕ್ಕೆ ಕಾಲಂ ಇಲ್ಲ. ಹೊದಿಕೆ ಮಂಚದ ತುಂಬ ಹರಡಿದೆ ಎಂದು ಟಿಕ್ ಹಾಕಲಾಯಿತೇ ಹೊರತು, ಅದು ಕಂಬಳಿಯೋ ತೆಳು ದುಪ್ಪಟಿಯೋ ಎಂದು ಯಾರೂ ಮುಟ್ಟಿ ನೋಡಲಿಲ್ಲ. ಕಾಲಂ ಇಲ್ಲದ ವಿಷಯದಲ್ಲಿ ತಪ್ಪು ನಡೆಯಲು ಸಾಧ್ಯವಿಲ್ಲವೆಂದು ಈವರೆಗೆ ನಂಬಲಾಗಿತ್ತು.

5. ದಕ್ಷಿಣ ಧ್ರುವದ ಗಡ್ಡೆಯು ಕಡಿಮೆಯಾಗುವುದೆಂದು ಮಾದರಿ ಹೇಳಿದಾಗ ಹೆಚ್ಚಿತು. ಹೆಚ್ಚುವಂತೆ ಹೊಂದಾಣಿಕೆ ಮಾಡಿ ಮುಗಿಸಿದ ವರ್ಷವೇ ದಢಾರನೆ ಕುಸಿಯಿತು. ಸದರಿ ಧ್ರುವದ ಕುರಿತ ಪ್ರಶ್ನೆಗಳನ್ನು ಊಟದ ಬಿಡುವಿನಲ್ಲಿ ಮಾತ್ರ ಕೇಳತಕ್ಕದ್ದು; ಆಗ ಕೆಳಸಹಿದಾರ ಕಚೇರಿಯಲ್ಲಿರುವುದಿಲ್ಲ.

6. ಬೇರೆ ಸಂಸ್ಥೆಗಳ ಇಪ್ಪತ್ತೊಂಬತ್ತು ಮಾದರಿಗಳನ್ನೂ ತರಿಸಿ ನೋಡಲಾಯಿತು. ಒಂದು ಮಾದರಿ ಗಡ್ಡೆಯನ್ನು ಆಗಲೇ ಪೂರ್ತಿ ಕರಗಿಸಿ ಕೈತೊಳೆದುಕೊಂಡಿದೆ. ಇನ್ನೊಂದು ಮುಂದಿನ ಪೀಳಿಗೆಗೂ ಸಾಕಾಗುವಷ್ಟು ಉಳಿಸಿದೆ. ಎಲ್ಲದರ ಸರಾಸರಿ ಮಾತ್ರ ಬಲು ಸೊಗಸಾಗಿ ಬಂದಿದೆ. ಆದರೆ ಸರಾಸರಿ ಮಂಜುಗಡ್ಡೆಯು ಎಲ್ಲಿಯೂ ಅಸ್ತಿತ್ವದಲ್ಲಿ ಇಲ್ಲವಾದ್ದರಿಂದ ಅದರ ಮೇಲೆ ಬಿಡಾರ ಹೂಡಲು ಅನುಮತಿ ನೀಡಲಾಗುವುದಿಲ್ಲ.

7. ಉಲ್ಲೇಖ 3ರ ಸಂದೇಶ ಇಂತಿದೆ: "ಮಾನ್ಯರೇ (ಕಲಂ 2ರಂತೆ ತಿದ್ದಿದೆ), ಬಿರುಕು ಈಗ ಮೊಳ ಅಗಲ ಆಗಿದೆ. ಅಡುಗೆಯವರು ಸ್ಟೌ ಎತ್ತಿ ಆ ಕಡೆ ಇಟ್ಟಿದ್ದಾರೆ. ಮೆಕ್ಯಾನಿಕ್ಕು ಬೂಟು ಬಿಚ್ಚದೇ ಮಲಗ್ತಿದ್ದಾರೆ. ನನಗೂ ಭಯ ಆಗ್ತಿದೆ ಕಣೋ. ಆ ಪ್ರಶಂಸಾ ಪತ್ರ ನೀರಲ್ಲಿ ತೇಲುತ್ತಾ? ಅದನ್ನಾದ್ರೂ ನೋಡಿ ಹೇಳು." ಪರಿಶೀಲಿಸಲಾಗಿ, ಸದರಿ ಪತ್ರಕ್ಕೆ ಗಾಜಿನ ಚೌಕಟ್ಟಿರುವುದರಿಂದ ಮುಳುಗುತ್ತದೆ ಎಂದು ಕಂಡುಬಂದಿದೆ.

8. ಗೊತ್ತಾದ ದಿನಕ್ಕೆ ಮುಂಚೆ ಹಡಗು ಬಿಡಬೇಕಾದಲ್ಲಿ, ಮಾದರಿಯು ತಪ್ಪೆಂದು ಮಾದರಿ ವಿಭಾಗವೇ ದೃಢೀಕರಿಸತಕ್ಕದ್ದು. ಇಂತಹ ದೃಢೀಕರಣ ಹಿಂದೆಂದೂ ಆಗಿರದ ಕಾರಣ ಅದರ ನಮೂನೆಯನ್ನು ಅಚ್ಚು ಹಾಕಿಸಿಲ್ಲ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ನಿರ್ದೇಶಕರು ಒಂದು ಕರಡು ಕಳುಹಿಸಿರುತ್ತಾರೆ. ಅದರ ಸಾರಾಂಶ: ಮಾದರಿ ಸರಿಯಾಗಿದೆ, ತಪ್ಪಿರುವುದು ಮಂಜುಗಡ್ಡೆ. ತಪ್ಪಿತಸ್ಥ ಗಡ್ಡೆಯ ಮೇಲೆ ನಿಂತಿರುವುದು ಸಿಬ್ಬಂದಿಯ ನಡತೆ ನಿಯಮಗಳಿಗೆ ವಿರುದ್ಧವಾದ್ದರಿಂದ, ಮೂವರನ್ನೂ ಶಿಸ್ತುಕ್ರಮದ ಭಾಗವಾಗಿ ಕೂಡಲೇ ವಾಪಸು ಕರೆಸತಕ್ಕದ್ದು.

9. ಸದರಿ ಕರಡನ್ನು ಮೂರು ಸಲ ಓದಲಾಯಿತು. ಮೊದಲ ಸಲ ಜಾಣತನವೆನಿಸಿತು. ಮೂರನೆಯ ಸಲ ಕೆಳಸಹಿದಾರನಿಗೆ ನಾಚಿಕೆಯಾಯಿತು. ಮಂಜು ಯಾವ ತಪ್ಪನ್ನೂ ಮಾಡಿಲ್ಲ. ಬಿಸಿ ತಗುಲಿದಾಗ ಕರಗಿದೆ, ಅಷ್ಟೆ. ಬಿಳುಪು ಹೆಚ್ಚಿಸಿದವನು ನಾನು. ದಪ್ಪ ನೋಡದೆ ಟಿಕ್ ಹಾಕಿದವನು ನಾನು. "ಹೋಗಮ್ಮ, ಕಲ್ಲಿನ ಹಾಗೆ ಗಟ್ಟಿ ಇದೆ" ಎಂದು ತಂಗಿಯನ್ನು ಕಳುಹಿಸಿದವನೂ ನಾನೇ. ನನ್ನ ಮಾದರಿ ತಪ್ಪಾಗಿದೆ ಎಂದು ಈ ಮೂಲಕ ದೃಢೀಕರಿಸುತ್ತೇನೆ. ನಮೂನೆ ಇಲ್ಲದಿರುವುದರಿಂದ ಬಿಳಿ ಹಾಳೆಯಲ್ಲಿ ಬರೆದು ಲಗತ್ತಿಸಿದೆ.

10. ಇನ್ನು ಮುಂದೆ ತಾಳೆ ನೋಡುವ ನಮೂನೆಯಲ್ಲಿ ದಪ್ಪದ ಕಾಲಂ ಇರತಕ್ಕದ್ದು. ಜಾಗ ಸಾಲದಿದ್ದಲ್ಲಿ 'ಶ್ಲಾಘನೆ' ಕಾಲಂ ತೆಗೆದುಹಾಕತಕ್ಕದ್ದು.

(ಸಹಿ)
ಉಪ ನಿರ್ದೇಶಕ, ಮಾದರಿ ವಿಭಾಗ
(ಕಲಂ 1ರ ಅರ್ಥದಲ್ಲಿ ಅಲ್ಲ)

ಪ್ರತಿಗಳು:
1. ನಿರ್ದೇಶಕರಿಗೆ, ಅವರ ಕರಡಿನ ಸಮೇತ.
2. ಉಗ್ರಾಣ ವಿಭಾಗಕ್ಕೆ, ಮೂರು ಒಣ ಕಂಬಳಿ ತೆಗೆದಿಡಲು. ಮುಟ್ಟಿ ನೋಡಿ ಕೊಡತಕ್ಕದ್ದು.
3. ಕೆಳಸಹಿದಾರನ ತಾಯಿಗೆ, ಕಲಂ 7ನ್ನು ಬಿಟ್ಟು ಓದಿ ಹೇಳಲು.
4. ಮಂಜುಗಡ್ಡೆಗೆ, ಮಾಹಿತಿಗಾಗಿ. ಇದ್ದಲ್ಲಿ.
5. ಹಡಗಿನ ಕ್ಯಾಪ್ಟನ್ ಅವರಿಗೆ, ದಡಕ್ಕೆ ಬಂದ ಮೇಲೆ ಕೊಡಲು. ಮಂಗಳವಾರ ಕೆಳಸಹಿದಾರ ಬಂದರಿಗೆ ಓಡಿಹೋಗಿ ಕೇಳಿಕೊಂಡಾಗ, "ಕಾಗದ ನೀವು ನಿಧಾನಕ್ಕೆ ಬರ್ಕೊಳ್ಳಿ ಸಾರ್, ನಾನು ಹೋಗಿ ಕರ್ಕೊಂಡು ಬರ್ತೀನಿ" ಎಂದು ಅವರು ಅಪ್ಪಣೆಯಿಲ್ಲದೆಯೇ ಹಡಗು ಬಿಟ್ಟಿರುತ್ತಾರೆ. ಇದಕ್ಕೆ ಕಾರಣ ಕೇಳುವ ನೋಟಿಸನ್ನು ಅವರಿಗೆ ಕೊಡದೆ ನನಗೇ ಕೊಡತಕ್ಕದ್ದು. ಮೂವರೂ ಹಡಗು ಹತ್ತಿದರೆಂದು ಈಗಷ್ಟೇ ರೇಡಿಯೋದಲ್ಲಿ ಸುದ್ದಿ ಬಂತು. ನೋಟಿಸು ಎಷ್ಟಾದರೂ ಕೊಡಿ.