ನನ್ನ ರಕ್ತ ಹೇಳಿದ ಚಾಡಿ

ಪಕ್ಕದ ಮನೆ ವೆಂಕಟಮ್ಮನ ನೀರಿನ ಡ್ರಮ್ಮಿನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಅವಳಿಗೆ ಚಿಕೂನ್‌ಗುನ್ಯಾ ಬಂದ ಮೇಲೆ ಅನುಮಾನ ಹೋಗಿ ಖಾತ್ರಿಯೇ ಆಯ್ತು. ನನ್ನ ಮಂಡಿ ನೋವಿಗೂ ಅವಳ ಮನೆ ಸೊಳ್ಳೆಯೇ ಕಾರಣ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ.

ಅವಳು ಸುಮ್ನಿರ್ತಾಳಾ? ಗೋಡೆ ಆಚೆಯಿಂದಲೇ ಅಂದಳು, "ಏಮಕ್ಕಾ, ಮುಚ್ಚಳ ಇಲ್ದೇ ಇರೋದು ನಿನ್ನ ಡ್ರಮ್ಮಿಗೆ. ಮೊದ್ಲು ಅದನ್ನ ಬೋರಲು ಹಾಕು."

ನಮ್ಮ ಮುಳಬಾಗಿಲು ಕಡೆ ತುಂಬಿದ ಡ್ರಮ್ಮು ಬೋರಲು ಹಾಕು ಅನ್ನೋದೂ ಒಂದೇ, ಮೂಗು ಕೊಯ್ಕೋ ಅನ್ನೋದೂ ಒಂದೇ. ಟ್ಯಾಂಕರ್ ಮತ್ತೆ ಯಾವಾಗ ಬರುತ್ತೋ ಏನೋ. ನಾನೇ ನ್ಯಾಯ ಹೇಳಿದೆ: "ಇಬ್ಬರೂ ರಕ್ತ ಕೊಡೋಣ ಕಣೇ. ಕಾಯಿಲೆ ಯಾರಿಗೆ ಮೊದ್ಲು ಬಂತೋ ಅವರ ಡ್ರಮ್ಮು ಬೋರಲು."

ರಿಪೋರ್ಟು ನೋಡಿ ಡಾಕ್ಟ್ರು ಹೇಳಿದ್ರು, "ವೈರಸ್ ಒಳಗೆ ಬಂದ್ರೆ ಅದರ ವಿರುದ್ಧ ಹೋರಾಡೋಕೆ ರಕ್ತದಲ್ಲಿ ಮೊದಲು ಎಂ ಅನ್ನೋ ಪ್ರತಿಕಾಯ ಹುಟ್ಟುತ್ತೆ. ಹಿಂದೆಯೇ ಜಿ ಅನ್ನೋದು ಬರುತ್ತೆ. ಕೆಲವು ತಿಂಗಳಿಗೆ ಎಂ ಕರಗುತ್ತೆ, ಜಿ ವರ್ಷಗಟ್ಟಲೆ ಉಳಿಯುತ್ತೆ. ವೆಂಕಟಮ್ಮನಿಗೆ ಇರೋದು ಎಂ, ಹೊಸ ಕಾಯಿಲೆ. ನಿಮಗೆ ಬರೀ ಜಿ ಇದೆ ಅಜ್ಜಿ. ಬಂದು ಹೋಗಿ ತಿಂಗಳುಗಳೇ ಆಗಿವೆ."

ಸುಳ್ಳು. ಲ್ಯಾಬಿನವನು ರಕ್ತ ಅದಲು ಬದಲು ಮಾಡಿದಾನೆ ಅಂದೆ. ಇನ್ನೊಂದ್ಸಲ ತೋಳು ಚಾಚಿದೆ. ಈ ಸಲ ಸೆರಗಿನ ನೂಲು ಕಿತ್ತು ನನ್ನ ಟ್ಯೂಬಿಗೆ ಕಟ್ಟಿ, ರಿಪೋರ್ಟು ಬರೋವರೆಗೂ ಅವನ ಕಿಟಕಿ ಮುಂದೆ ಕಾವಲು ಕೂತೆ. ಟೀ ಕುಡಿಯೋಕೂ ಏಳಲಿಲ್ಲ.

ಮತ್ತೆ ಜಿ! ಅದಲು ಬದಲು ಆಗಿಲ್ಲ ಅನ್ನೋದಕ್ಕೆ ಈಗ ನಾನೇ ಸಾಕ್ಷಿ.

ಮನೆಗೆ ಬಂದ್ರೆ ಸೊಸೆ ಮಂಜುಳ, ವೆಂಕಟಮ್ಮ ನಿಂತಿದ್ದಾಳೆ ಅನ್ನೋದನ್ನೂ ನೋಡದೆ ಶುರು ಮಾಡಿದಳು. "ಅತ್ತೆ, ಮಾವಿನ ಸುಗ್ಗೀಲಿ ಜ್ವರ ಅಂತ ಕಂಬಳಿ ಹೊದ್ದು ಮಲಗಿದ್ರಲ್ಲ? ಆಸ್ಪತ್ರೆಗೆ ನಡೀರಿ ಅಂದ್ರೆ, ವೆಂಕಟಮ್ಮನ ಕಣ್ಣು ಬಿದ್ದಿದೆ ಅಂತ ಮೆಣಸಿನಕಾಯಿ ನಿವಾಳಿಸಿಕೊಂಡ್ರಿ. ಮಂಡಿ ಹಿಡ್ಕೊಂಡಿದ್ದೂ ಆವಾಗ್ಲೇ."

"ನನ್ನ ಕಣ್ಣಾ ಅಕ್ಕಾ?" ಅಂದಳು ವೆಂಕಟಮ್ಮ.

ನನ್ನ ಡ್ರಮ್ಮೇ ಉರುಳಿಸಿದ್ವಿ. ತಳದಲ್ಲಿ ಸೊಳ್ಳೆ ಮರಿಗಳು ಮಿಜಿಮಿಜಿ ಅಂತಿದ್ವು.

ಟ್ಯಾಂಕರ್ ಇನ್ನೂ ಬಂದಿಲ್ಲ. ವೆಂಕಟಮ್ಮನ ಡ್ರಮ್ಮಿನಿಂದಲೇ ಬಿಂದಿಗೆ ತುಂಬಿಸ್ಕೊಂಡು ಬರ್ತೀನಿ. ಅವಳು ಆ ಕಡೆ ತಿರುಗಿದಾಗ ಮುಚ್ಚಳ ಎತ್ತಿ ಬಗ್ಗಿ ನೋಡ್ತೀನಿ. ಇವತ್ತಿನವರೆಗೆ ಒಂದು ಹುಳಾನೂ ಸಿಕ್ಕಿಲ್ಲ.