ಎಲ್ಲಕ್ಕಿಂತ ಹಳೆಯ ಕೋಣೆ

ಜಗಳಕ್ಕೆ ಕಾರಣ ಒಂದು ಹನಿ ನೀರು. ಅದು ಹೆಂಚಿನ ಸಂದಿಯಿಂದ ಇಳಿದು, ಹೊಲಿಗೆ ಮಿಷನ್ನಿನ ಮೇಲಿದ್ದ ಬಿಳಿ ಯೂನಿಫಾರ್ಮ್ ಅಂಗಿಯ ಕಾಲರಿಗೆ ಬಿದ್ದು ಕಂದು ಕಲೆ ಮಾಡಿತು. ಇನ್ನೊಂದು ಅಂಗಿ ಕೆಟ್ಟರೆ ಕೆಲಸ ಬೇರೆ ಟೈಲರಿಗೆ ಎಂದು ಶಾಲೆಯವರು ಆಗಲೇ ಎಚ್ಚರಿಸಿದ್ದರು.

ಟೈಲರ್ ಕತ್ತೆತ್ತಿ ದುರುಗುಟ್ಟಿದ. ಮನುಷ್ಯರಾಗಿದ್ದರೆ ಆ ನೋಟಕ್ಕೆ ಕ್ಷಮೆ ಕೇಳುತ್ತಿದ್ದರು. ಹೆಂಚು ಇನ್ನೊಂದು ಹನಿ ಬಿಟ್ಟಿತು. ಅದನ್ನು ಬದಲಿಸಬೇಕಾದರೆ ಚಿಕ್ಕಪ್ಪನ ಸೂರಿನ ಮೇಲೆ ಕಾಲಿಡಬೇಕು. ಚಿಕ್ಕಪ್ಪ ಬಿಡುತ್ತಿರಲಿಲ್ಲ.

ಅಂದು ಬೆಳಿಗ್ಗೆಯೇ ಹಳೆಯ ಕಟ್ಟಡಗಳ ಕಚೇರಿಯಿಂದ ಮೇಡಂ ಒಬ್ಬರು ಬಂದರು. ಮುತ್ತಜ್ಜ ಕಟ್ಟಿಸಿದ ಆ ಮನೆಯ ನಕ್ಷೆ ಬರೆದು, ಫೋಟೋ ತೆಗೆದು, ಚರಿತ್ರೆ ದಾಖಲಿಸುವುದು ಅವರ ಕೆಲಸ. ಮನೆ ಮೂರು ಪಾಲಾಗಿತ್ತು. ಮುಂದಿನ ಹಜಾರ ಚಿಕ್ಕಪ್ಪನದು, ಹಿಂದಿನ ಅಡುಗೆಮನೆ ಅತ್ತಿಗೆಯದು, ನಡುವಿನ ಕೋಣೆ ಟೈಲರನದು. ಮೂವರೂ ಪರಸ್ಪರ ಮಾತಾಡುತ್ತಿದ್ದುದು ಬೈಯುವುದಕ್ಕೆ ಮಾತ್ರ.

"ಇದರಲ್ಲಿ ಯಾವ ಭಾಗ ಮೊದಲು ಕಟ್ಟಿದ್ದೋ ಅದನ್ನ ನಮ್ಮ ಕಚೇರಿಯೇ ಸರಿಮಾಡಿ ಕೊಡುತ್ತೆ, ಸೂರಿಂದ ನೆಲದವರೆಗೆ. ಉಳಿದದ್ದಕ್ಕೆ ನಕ್ಷೆ, ಫೋಟೋ ಅಷ್ಟೇ," ಅಂದರು ಮೇಡಂ.

"ಹಾಗಾದ್ರೆ ನನ್ನ ಹಜಾರ ಅಂತ ಬರ್ಕೊಳ್ಳಿ," ಎಂದರು ಚಿಕ್ಕಪ್ಪ. "ಮನೆ ಕಟ್ಟೋರು ಮುಂಬಾಗಿಲಿಂದ ತಾನೇ ಶುರು ಮಾಡೋದು?"

"ಹೊಟ್ಟೆಗೆ ಹಾಕ್ದೆ ಯಾರು ಗೋಡೆ ಕಟ್ತಾರೆ? ಮೊದಲು ಅಡುಗೆಮನೆ," ಎಂದಳು ಅತ್ತಿಗೆ.

"ಇಬ್ಬರೂ ಸುಮ್ನಿರಿ!" ಸೂರು ಎಂಬ ಮಾತು ಕೇಳಿದಾಗಿನಿಂದ ಟೈಲರನ ಮೈಯಲ್ಲಿ ಬೆಂಕಿ ಓಡಾಡುತ್ತಿತ್ತು. "ನನ್ನ ಕೋಣೆ ಮೊದಲು!"

"ನನ್ನ ಹಜಾರದ ನೆಲ ನೋಡಿ ಮೇಡಂ, ಚಪ್ಪಡಿ ಕಲ್ಲು. ಈಗಿನೋರು ಹಾಕ್ತಾರಾ?"

"ಕಲ್ಲು ಹಾಸೋಷ್ಟು ಅನುಕೂಲ ಆದ್ಮೇಲೆ ಕಟ್ಟಿದ್ದು ಅದು! ನನ್ನ ಕೋಣೆಯದು ಬರೀ ಮಣ್ಣಿನ ನೆಲ. ಸಿಮೆಂಟು ನಾನು ಹಾಕ್ಸಿದ್ದು. ಬರ್ಕೊಳ್ಳಿ!"

"ನನ್ನ ಅಡುಗೆಮನೆ ಕಿಟಕಿ ನೋಡಪ್ಪಾ. ಬೆಕ್ಕು ಕೂಡ ಉಸಿರು ಬಿಗಿಹಿಡಿದು ತೂರ್ಬೇಕು."

"ನಿಮಗೆ ಅಷ್ಟಾದ್ರೂ ಇತ್ತಲ್ಲ ಅತ್ತಿಗೆ! ನನ್ನದು ಗವಿ! ಸೂಜಿಗೆ ದಾರ ಪೋಣಿಸೋಕೆ ಬೆಳಕಿಲ್ಲ ಅಂತ ಈ ಕಿಟಕಿ ನಾನು ಒಡೆಸಿದ್ದು. ಅದನ್ನೂ ಬರ್ಕೊಳ್ಳಿ!"

ಇಷ್ಟು ದಿನ ಮುತ್ತಜ್ಜನ ಸಿರಿಯನ್ನು ಕೊಚ್ಚಿಕೊಳ್ಳುತ್ತಿದ್ದ ಮೂವರೂ ಈಗ ಅವನ ಬಡತನದಲ್ಲಿ ಪಾಲು ಕೇಳುತ್ತಿದ್ದರು.

"ಸರಿಮಾಡೋದು ಅಂದ್ರೆ ನಮ್ಮಲ್ಲಿ ಒಂದು ಕ್ರಮ ಇದೆ. ಅದೇನಂದ್ರೆ..." ಎಂದು ಮೇಡಂ ಶುರುಮಾಡಿದರು.

"ಕ್ರಮ ಆಮೇಲೆ ಮೇಡಂ! ಮೊದಲು ಇವರ ಸೊಕ್ಕು ಇಳೀಲಿ," ಎಂದು ಟೈಲರ್ ಮಾತು ತುಂಡರಿಸಿದ.

ಕಾಂಪೌಂಡಿನ ಮೇಲೆ ಒಂದು ತಲೆ ಹುಟ್ಟಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರದು. ಮೋರಿ ನೀರಿನ ಜಗಳವಾದ ಮೇಲೆ ಟೈಲರ್ ಆ ತಲೆಯನ್ನು ಮಾತಾಡಿಸಿರಲಿಲ್ಲ.

"ಬಾಯಲ್ಲಿ ಹೇಳಿದ್ದೆಲ್ಲ ಚರಿತ್ರೆ ಆಗಲ್ಲ ಕಣಯ್ಯಾ. ಪುರಾವೆ ಇದೆಯಾ?"

"ಪುರಾವೆ ತಾನೇ?" ಟೈಲರ್ ಏಣಿ ತಂದು ಹೊರಗೆ, ತನ್ನ ಗೋಡೆಗೂ ಹಜಾರದ ಗೋಡೆಗೂ ಕೂಡುವ ಮೂಲೆಗೆ ಒರಗಿಸಿದ. ಕತ್ತರಿಯ ಮೊನೆಯಿಂದ ಮೂಲೆ ಕೆದಕಲು ಶುರುಮಾಡಿದ.

"ನನ್ನ ಗೋಡೆ ಕೀಳ್ತೀಯೇನೋ ಮುಠ್ಠಾಳ!" ಎಂದು ಚಿಕ್ಕಪ್ಪ ಏಣಿ ಅಲ್ಲಾಡಿಸಿದರು. ಟೈಲರ್ ಬೀಳಲಿಲ್ಲ. ಮೂಲೆಯ ಗಾರೆ ಹೆಂಟೆಯಾಗಿ ಕಳಚಿ ಚಿಕ್ಕಪ್ಪನ ಬೋಳುತಲೆಯ ಮೇಲೆ ಬಿತ್ತು. ಹಿಟ್ಟಿನ ಗಿರಣಿಯಿಂದ ಈಗತಾನೇ ಹೊರಬಂದವರಂತೆ ಅವರು ನಿಂತರು.

ಮೇಡಂ ಬಿರುಕಿಗೆ ಟಾರ್ಚ್ ಬಿಟ್ಟರು. "ಕೋಣೆ ಗೋಡೆಯ ಹಳೇ ಗಿಲಾವು ಹಜಾರದ ಗೋಡೆಯ ಹಿಂದಕ್ಕೂ ಹೋಗಿದೆ ನೋಡಿ. ಕೋಣೆ ಕಟ್ಟಿ, ಗಿಲಾವು ಮಾಡಿ ಮುಗಿಸಿದ ಮೇಲೆ ಹಜಾರ ಬಂದು ಅಂಟಿಕೊಂಡಿದೆ." ಅಡುಗೆಮನೆಯ ಮೂಲೆಯಲ್ಲೂ ಅದೇ ಕಥೆ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲ್ಲು ಕಡಿದಳು.

ಟೈಲರನ ಕೋಪಕ್ಕೆ ಅಷ್ಟು ಸಾಲದು. ಮೇಡಂ ಅವರನ್ನು ಒಳಗೆ ಕರೆದೊಯ್ದು, ಜಂತೆಯ ಕೆಳಗಿನ ಗೋಡೆಯ ಮೇಲಿದ್ದ ಓರೆ ಗೆರೆಯನ್ನು ತೋರಿಸಿದ. "ಇದೇನು?"

"ಹಳೇ ಸೂರಿನ ಗುರುತು. ಹೆಂಚಿಗೆ ಇಷ್ಟು ಕಡಿದಾದ ಇಳಿಜಾರು ಬೇಕಾಗಿಲ್ಲ."

"ಹುಲ್ಲು!" ಟೈಲರ್ ಕುಣಿದ. "ಹುಲ್ಲಿನ ಸೂರಿತ್ತು! ಬರ್ಕೊಳ್ಳಿ!"

"ಹೌದು, ಚಿಕ್ಕವನಿದ್ದಾಗ ನಾನೇ ಕಣ್ಣಾರೆ ನೋಡಿದೀನಿ," ಅಂದಿತು ಕಿಟಕಿಯಾಚೆಯ ತಲೆ.

"ಸಾರ್, ನೀವು ದೇವರು!" ಎಂದು ಟೈಲರ್ ಮೋರಿ ಜಗಳವನ್ನು ಅಲ್ಲೇ ಮರೆತ.

ಕೋಣೆಯೇ ಹಳೆಯದೆಂದು ತೀರ್ಮಾನವಾಯಿತು. ಮೇಡಂ ಚಾಚಿದ ಒಪ್ಪಿಗೆ ಪತ್ರಕ್ಕೆ ಚಿಕ್ಕಪ್ಪ, ಅತ್ತಿಗೆ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು. ಟೈಲರ್ ಓದದೆ ಹಾಕಿದ.

"ಸೂರಿನ ಕೆಲಸ ಯಾವಾಗ ಮೇಡಂ?"

"ಬರೋ ವಾರ. ಹೆಂಚು ಇಳಿಸಿ ಹುಲ್ಲು ಹೊದಿಸ್ತೀವಿ."

"ಏನಂದ್ರಿ?"

"ಆಗ್ಲೇ ಹೇಳೋಕೆ ಹೊರಟೆ, ನೀವು ಬಿಡ್ಲಿಲ್ಲ. ನಾವು ಸರಿಮಾಡೋದು ಅಂದ್ರೆ ಮೊದಲು ಹೇಗಿತ್ತೋ ಹಾಗೆ. ಸಿಮೆಂಟು ಕಿತ್ತು ಮಣ್ಣಿನ ನೆಲ. ಕಿಟಕಿಗೆ ಗೋಡೆ. ಎಲ್ಲಾ ನೀವೇ ಬರೆಸಿದ್ದಲ್ವಾ?"

ಟೈಲರನ ಮುಖ ಇಸ್ತ್ರಿಪೆಟ್ಟಿಗೆಯಂತೆ ಕಾಯಿತು. ಕಿಟಕಿಗೆ ಹಾರಿದ. "ಸಾರ್, ಏನೋ ಚಿಕ್ಕ ವಯಸ್ಸು, ಸರಿಯಾಗಿ ನೆನಪಿಲ್ಲ ಅಂತ ಹೇಳಿ ಸಾರ್!"

"ಮಾತು ಬದಲಾಯಿಸೋ ಮನುಷ್ಯ ಅಲ್ಲಯ್ಯಾ ನಾನು," ಎಂದು ತಲೆ ಕಾಂಪೌಂಡಿನ ಹಿಂದೆ ಮುಳುಗಿತು.

"ಕೊರಗ್ಬೇಡಪ್ಪಾ," ಎಂದಳು ಅತ್ತಿಗೆ. "ಕತ್ತಲಲ್ಲಿ ಅಂಗಿ ಮೇಲಿನ ಕಲೆ ಕಾಣಲ್ಲ."

ಚಿಕ್ಕಪ್ಪ ತಲೆಯ ಧೂಳು ಒರೆಸಿಕೊಳ್ಳುತ್ತ ಮೆತ್ತಗೆ ಕೇಳಿದರು. "ಇಳಿಸಿದ ಹೆಂಚು ಎಲ್ಲಿಗೆ ಹೋಗುತ್ತೆ ಮೇಡಂ?"

"ಮನೆಯ ಸಾಮಾನು ಮನೆ ಬಿಟ್ಟು ಹೋಗೋ ಹಾಗಿಲ್ಲ. ನಿಮ್ಮ ಹಜಾರದ್ದೂ ಅದೇ ಅಚ್ಚಿನ ಹೆಂಚು. ಒಡೆದಿರೋ ಕಡೆ ಹಾಕ್ಕೊಳ್ಳಿ."

ಚಿಕ್ಕಪ್ಪ ಬಂದು ಟೈಲರನ ಹೆಗಲ ಮೇಲೆ ಕೈಯಿಟ್ಟರು. ಪಾಲಾದ ಮೇಲೆ ಮೊದಲ ಸಲ ಅವರ ದನಿಯಲ್ಲಿ ಅಕ್ಕರೆ ಇತ್ತು.

"ಮಗೂ, ಆ ಕೊರಳಲ್ಲಿರೋ ಟೇಪು ಸ್ವಲ್ಪ ಕೊಡೋ. ಎಷ್ಟು ಹೆಂಚು ಹಿಡಿಯುತ್ತೆ ಅಂತ ಅಳೀಬೇಕು."