ಕಣದ ಜಾಗದ ಆಲೂಗಡ್ಡೆ

ಮೇಲೆ ಮೆತ್ತಗಿರುವುದನ್ನೆಲ್ಲ ಜನ ನಂಬಿಬಿಡುತ್ತಾರೆ. ನನ್ನನ್ನು ಹೆಣ್ಣು ನೋಡಲು ತವರೂರು ಮಿಡಿಗೇಶಿಗೆ ಬಂದವರೂ ಹಾಗೇ ನಂಬಿದರು. ಒಳಗಿನ ಗಟ್ಟಿತನ ಗೊತ್ತಾಗಿದ್ದು ಮದುವೆಯಾದ ಮೇಲೆ. ಮಣ್ಣಿನದೂ ಇದೇ ಕಥೆ.

ನಮ್ಮ ಹೊಲದ ಮೂಲೆಯಲ್ಲಿ ರಾಗಿ ಬಡಿಯುವ ಕಣವಿತ್ತು. ವರ್ಷವರ್ಷವೂ ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ ಅದನ್ನು ಗಟ್ಟಿ ಮಾಡಿದವಳು ನಾನೇ. ಒಂದು ಕಾಳೂ ಬಿರುಕಿಗೆ ಬೀಳುವುದಿಲ್ಲವೆಂದು ಊರೆಲ್ಲ ಜಂಭ ಕೊಚ್ಚುತ್ತಿದ್ದೆ. ಈಗ ರಾಗಿಗೆ ಮಿಷಿನ್ ಬಂದಿದೆ, ಕಣಕ್ಕೆ ಕೆಲಸವಿಲ್ಲ. ಮಗ ರಂಗನಾಥ ಅಲ್ಲಿ ಆಲೂಗಡ್ಡೆ ಹಾಕುತ್ತೇನೆಂದು ಟ್ರ್ಯಾಕ್ಟರ್ ತರಿಸಿ ರೋಟವೇಟರ್ ಹೊಡೆಸಿದ.

“ನೋಡವ್ವ, ಹಿಟ್ಟಿದ್ದಂಗೈತೆ,” ಎಂದ.

ನಾನು ಹಾರೆ ಊರಿದೆ. ಒಂದು ಗೇಣು ಇಳಿದು ಠಣ್ ಎಂದಿತು.

“ಹಿಟ್ಟು ಮೇಲೈತೆ ಕಣ್ಲಾ, ಕೆಳಗೆ ಬೀಸೋಕಲ್ಲೈತೆ. ಆಲೂಗಡ್ಡೆ ಬೇರು ಅದನ್ನ ಕೊರೀತದಾ?”

“ನೀನು ಯಾವತ್ತವ್ವ ಆಲೂಗಡ್ಡೆ ಬೆಳ್ದಿದ್ದೆ?”

“ಬೆಳ್ದಿಲ್ಲ. ಕಣ ಮಾಡಿದ್ದೀನಿ. ಅರ್ಧ ನಂಗೆ ಬುಡು.”

ಸೊಸೆ ಗೌರಮ್ಮನ ಮುಂದೆ ಪಂದ್ಯ ಕಟ್ಟಿದೆವು: ನನ್ನ ಅರ್ಧದಲ್ಲಿ ಬೆಳೆ ಕೈಕೊಟ್ಟರೆ ನಾನಿನ್ನು ಹೊಲದ ವಿಷಯದಲ್ಲಿ ತುಟಿ ಬಿಚ್ಚಬಾರದು; ಗೆದ್ದರೆ ಹೊಲದಲ್ಲಿ ನನ್ನದೇ ಮಾತು. ಒಪ್ಪತ್ತು ಊಟ ಬಿಡು ಎಂದಿದ್ದರೆ ಬಿಡುತ್ತಿದ್ದೆ. ಮಾತು ಬಿಟ್ಟು ಬದುಕುವುದು ಹೇಗೆ?

ಕೂಲಿ ಹೆಂಗಸರ ಜೊತೆ ನಾನೂ ಹಾರೆ ಹಿಡಿದು, ನನ್ನ ಕೈಯಾರೆ ಗಟ್ಟಿ ಮಾಡಿದ್ದನ್ನೇ ಮೊಳದಾಳಕ್ಕೆ ಮೀಟಿದೆ. ಹಿಂದಿನ ನನ್ನ ಕೆಲಸಕ್ಕೆ ಆವತ್ತು ನಾನೇ ಬೈದೆ. ತಿಪ್ಪೆಗೊಬ್ಬರ ಬೆರೆಸಿ ಬೀಜದ ಗಡ್ಡೆ ನೆಟ್ಟೆ. ನೀರು ಹಾಯಿಸಿದ ಮೇಲೆ ಹಸಿ ಮಣ್ಣು ತುಳಿದು ಯಾರೂ ಮತ್ತೆ ಕಣ ಮಾಡದಿರಲೆಂದು ಬದುವಿನಲ್ಲಿ ಕೂತು ಕಾದೆ. ನನ್ನಿಂದ ಬೈಸಿಕೊಳ್ಳದ ಮನುಷ್ಯರಿಲ್ಲ, ನಾಯಿಯೂ ಇಲ್ಲ. ಯೋಗಕ್ಷೇಮ ಕೇಳಲು ಬಂದ ನಮ್ಮಣ್ಣ ರಸ್ತೆಯಿಂದಲೇ ಕೇಳಿ ಹೋದ. ಮಧ್ಯಾಹ್ನದ ಬಿಸಿಲಿಗೆ ಮಗನ ಗಿಡಗಳು ತಲೆ ಬಗ್ಗಿಸುತ್ತಿದ್ದವು. ನನ್ನವು ನನ್ನ ಹಾಗೇ ಸೆಟೆದು ನಿಂತಿರುತ್ತಿದ್ದವು.

ಗಡ್ಡೆ ಕೀಳುವ ದಿನ ಬಂತು. ಮಗನ ಕಡೆ ಬೇರು ಕೆಳಗಿಳಿಯಲಾರದೆ ಅಡ್ಡಡ್ಡ ಹರಡಿ ಚಾಪೆಯಾಗಿತ್ತು. ಗಡ್ಡೆಗಳು ಗೋಲಿ ಗಾತ್ರ. ನನ್ನ ಕಡೆ ಬೇರು ಆಳಕ್ಕೆ ಹೋಗಿತ್ತು. ಗಡ್ಡೆ ಒಂದೊಂದೂ ಮುಷ್ಟಿ ತುಂಬುವಂತಿತ್ತು. ನಾನೇನೂ ವಿನಯ ತೋರಿಸಲಿಲ್ಲ. ಮಧುಗಿರಿ ಬಸ್ಸಿನಲ್ಲಿ ಹೋಗುವವರಿಗೂ ಎತ್ತಿ ತೋರಿಸಿದೆ.

“ಅತ್ತೆ ಗೆದ್ಬುಟ್ರು,” ಎಂದಳು ಗೌರಮ್ಮ, ಗಂಡನಿಗೆ ಕೇಳುವಂತೆ.

ಮಗ ತಲೆ ಕೆರೆದುಕೊಂಡ. ಆಮೇಲೆ ಹಾರೆ ತಂದು ನನ್ನ ಕೈಗಿಟ್ಟ. “ಆಯ್ತವ್ವ, ಇನ್ಮೇಲೆ ಹೊಲದಾಗೆ ನಿಂದೇ ಮಾತು. ಉಳಿದರ್ಧಾನೂ ನೀನೇ ನಿಂತು ಮೀಟಿಸ್ಬುಡು.”

ಈಗ ಅವನು ಬೇವಿನ ನೆರಳಲ್ಲಿ ಕೂತು, “ಮುಂದೆ ಹೆಂಗೆ ಮಾಡಾನವ್ವ?” ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾನೆ. ಗೆದ್ದ ನಾನು ಬಿಸಿಲಲ್ಲಿ ನಿಂತು, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಹೇಳುತ್ತಲೇ ಇದ್ದೇನೆ.